ಪದಚರ್ಚೆ: ಗುಂಡು, ಕಾಡತೂಸು, ಚಿಪ್ಪು – ಯಾವುದಕ್ಕೆ ಯಾವುದು?

ಗೆಳೆಯರೇ, ಹಳೆಯ ಕಾಳಗದ ನೆಲದಲ್ಲಿ ಸಿಗುವ ಗುಂಡಿನ ಕಾಲ ಗುರುತಿಸುವ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಮೂಲದಲ್ಲಿ ಬುಲೆಟ್, ಕಾರ್ಟ್ರಿಜ್, ಕೇಸ್ ಅಂತ ಮೂರು ಪದಗಳಿವೆ. ನಾನು ಮೂರಕ್ಕೂ ಗುಂಡು ಅಂತಲೇ ಬರೆದಿದ್ದೆ. ಈಗ ಒಂದು ಸಾಲು ಹೀಗಿದೆ: "ಗುಂಡಿನ ಬುಡದಲ್ಲಿ ತಯಾರಾದ ಇಸವಿ ಒತ್ತಿರುತ್ತದೆ." ಸರಿ ಇದೆಯಾ?

ಉತ್ತರ 1
ಇಲ್ಲ. ಇಸವಿ ಇದ್ದರೆ ಅದು ಹಿತ್ತಾಳೆ ಚಿಪ್ಪಿನ, ಅಂದರೆ ಕೇಸಿನ, ಬುಡದಲ್ಲಿ. ನಿಮ್ಮ ಸಾಲು ಓದಿದವರು ಸೀಸದ ಉಂಡೆಯನ್ನು ತಿರುಗಿಸಿ ತಿರುಗಿಸಿ ಇಸವಿ ಹುಡುಕುತ್ತಾರೆ ಅಷ್ಟೇ. ಹಾರಿಹೋಗುವುದು ಗುಂಡು. ಗುಂಡು, ಮದ್ದು, ಚಿಪ್ಪು ಎಲ್ಲ ಸೇರಿದ್ದು ಕಾಡತೂಸು. "ತೊಳೆದು ಉಜ್ಜಿ ನೋಡಿ" ಅಂತಲೂ ಕೈಪಿಡಿಯಲ್ಲಿ ಇರಬಹುದು, ನೋಡಿಕೊಳ್ಳಿ. ಮದ್ದು ಒಳಗೇ ಇರುವ ಕಾಡತೂಸನ್ನು ಯಾರೂ ಉಜ್ಜಬಾರದು.

ಉತ್ತರ 2
ಕಾಡತೂಸು ಪೋರ್ಚುಗೀಸರ ಕಾರ್ತೂಶು. ಕನ್ನಡವೇ ಅಲ್ಲ. ಮದ್ದುಗೊಳವೆ ಅನ್ನಿ. ಮದ್ದು ನಮ್ಮದು, ಕೊಳವೆ ನಮ್ಮದು. ಇನ್ನೊಂದು ಮಾತು, ಗುಂಡು ಅಂದರೆ ದುಂಡಗಿನದು. 1840ರ ದಶಕದ ಕೊನೆಗೆ ಬಂದ ಮಿನಿಯೇ ಗುಂಡು ಮೊನೆಯಾಗಿರುತ್ತದೆ, ಬುಡ ಟೊಳ್ಳು, ಮೈಮೇಲೆ ಉಂಗುರದಂಥ ಗೀರು. ಅದನ್ನು ಗುಂಡು ಅನ್ನುವುದು ತಪ್ಪು. ಮೊನೆಸೀಸ ಅಂತ ಇಡಿ.

ಉತ್ತರ 1
ಒಪ್ಪುವುದಿಲ್ಲ. ಇಂಗ್ಲಿಷಿನವರೂ ಅದನ್ನು ಬಾಲ್ ಅಂತಲೇ ಕರೆದರು. ಬುಲೆಟ್ ಅನ್ನುವುದೂ ಫ್ರೆಂಚಿನ ಪುಟ್ಟ ಚೆಂಡೇ. ವಸ್ತುವಿನ ಆಕಾರ ಬದಲಾದಾಗೆಲ್ಲ ಪದ ಬದಲಿಸುತ್ತಾ ಕೂರೋದಾ? ಓದುಗನಿಗೆ ಬೇಕಿರುವುದು ಬೇರೆ. ಪೂರ್ತಿ ದುಂಡಗಿದ್ದರೆ ಹೆಚ್ಚಾಗಿ ಮಸ್ಕೆಟ್ ಅನ್ನುವ ಹಳೆಯ ಕೋವಿಯದು. ಮೊನೆ, ಟೊಳ್ಳು ಬುಡ, ಗೀರು ಇದ್ದರೆ ಹತ್ತೊಂಬತ್ತನೇ ಶತಮಾನದ ನಡುಭಾಗದ್ದು. ಸೀಸದ ಮೇಲೆ ತಾಮ್ರದ ಹೊದಿಕೆ ಇದ್ದರೆ ಸಾಮಾನ್ಯವಾಗಿ 1880ರ ದಶಕದಿಂದ ಈಚಿನದು. ಮೂರೂ ಗುಂಡೇ. ದುಂಡು ಗುಂಡು, ಮೊನೆಗುಂಡು, ಹೊದಿಕೆ ಗುಂಡು. ಬೆಳ್ಳಗೆ ಬೂದಿ ಮೆತ್ತಿದಂತೆ ಕಾಣುವ ಪದರವನ್ನು ಮಾತ್ರ ತುಕ್ಕು ಅನ್ನಬೇಡಿ. ತುಕ್ಕು ಕಬ್ಬಿಣಕ್ಕೆ. ಸೀಸಕ್ಕೆ ಬಿಳಿಕಿಲುಬು ಅನ್ನಬಹುದು.

ಉತ್ತರ 2
ಬಿಳಿಕಿಲುಬು ಚೆನ್ನಾಗಿದೆ. ಕಾಡತೂಸು ಮಾತ್ರ ಬೇಡವೇ ಬೇಡ. ಹೀಗೇ ಬಿಟ್ಟರೆ ಎರವಲು ಪದಗಳೇ ಉಳಿಯುತ್ತವೆ.

ಉತ್ತರ 3
ಹಾಗಾದರೆ ಬಂದೂಕು ಅರಬ್ಬಿಯದು, ತುಪಾಕಿ ತುರ್ಕಿಯದು, ಅವನ್ನೂ ಬಿಡಿ. ಕೋವಿ ಒಂದೇ ಉಳಿಯುತ್ತದೆ. ನನಗೆ ಅದಕ್ಕಿಂತ ಜಾಸ್ತಿ ಸಿಟ್ಟು ಬರುವುದು ಪತ್ರಿಕೆಗಳ "ಸಜೀವ ಗುಂಡು" ನೋಡಿದಾಗ. ಗುಂಡಿಗೆ ಜೀವ ಎಲ್ಲಿಂದ? ಇಂಗ್ಲಿಷಿನ "ಲೈವ್" ಅನ್ನು ಹಾಗೇ ಸಂಸ್ಕೃತದಲ್ಲಿ ಬರೆದಿದ್ದಾರೆ. ಹಾರದ ಕಾಡತೂಸು ಅಂದರೆ ಸಾಕು, ಅಲ್ವಾ? ಕಾಡತೂಸು ನಮ್ಮ ನಾಲಿಗೆಗೆ ಒಗ್ಗಿ, ಉಕಾರ ಹಚ್ಚಿಕೊಂಡು ಎಷ್ಟೋ ಕಾಲವಾಯಿತು.

ಕೇಳಿದವರಿಂದ
ಎಲ್ಲರಿಗೂ ನನ್ನಿ. ಗುಂಡು, ಕಾಡತೂಸು, ಚಿಪ್ಪು ಅಂತಲೇ ಇಟ್ಟೆ. ಸಾಲು ಈಗ ಹೀಗಿದೆ: "ಕೆಲವು ಚಿಪ್ಪುಗಳ ಬುಡದಲ್ಲಿ ತಯಾರಾದ ಇಸವಿ ಒತ್ತಿರುತ್ತದೆ. ಚಿಪ್ಪಿನಲ್ಲಿ ಗುಂಡು ಇನ್ನೂ ಕೂತಿದ್ದರೆ ಅದು ಹಾರದ ಕಾಡತೂಸು, ಮುಟ್ಟಬೇಡಿ." ಹತ್ತು ಗಂಟೆಯೊಳಗೆ ತಪ್ಪು ಕಂಡರೆ ತಿಳಿಸಿ.