ಹಳೇ ಬಸ್ಸಿನ ಹೆಡ್‌ಲೈಟ್: ವೈರಿಂಗ್ ಮೇಷ್ಟ್ರನ್ನ ಕೇಳಿ

ವೈರಿಂಗ್ ಮೇಷ್ಟ್ರು: ಗಾಡಿ 6 ವೋಲ್ಟಾ, 12ಆ, 24ಆ ಅಂತ ಮೊದಲು ಬರೀರಿ. ಅದಿಲ್ಲದ ಪ್ರಶ್ನೆಗೆ ಉತ್ತರ ಇಲ್ಲ.

ಡಬಲ್ ಕ್ಲಚ್: 1967ರ ಫೋಕ್ಸ್‌ವ್ಯಾಗನ್ ಬಸ್, 12 ವೋಲ್ಟ್. ಸೀಲ್ಡ್ ಬೀಮ್ (ಗಾಜು, ರಿಫ್ಲೆಕ್ಟರ್, ಫಿಲಮೆಂಟ್ ಎಲ್ಲ ಒಂದೇ ಆಗಿರೋ ದೀಪ) ತೆಗೆದು ಬ್ರೈಟಿಗೆ 60, ಡಿಮ್ಮಿಗೆ 55 ವ್ಯಾಟಿನ ಎರಡು ಫಿಲಮೆಂಟ್ ಇರೋ ಎಚ್4 ಬಲ್ಬ್ (60/55) ಹಾಕಿದ್ರೂ ಬೀಡಿ ತುದಿ ಥರ ಉರೀತಿದೆ. ಬಲ್ಬ್ ಕಳಪೆನಾ?

ವೈರಿಂಗ್ ಮೇಷ್ಟ್ರು: ಬಲ್ಬಲ್ಲ, ವೈರು. ಬ್ಯಾಟರಿ ಹಿಂದೆ, ದೀಪ ಮುಂದೆ, ನಡುವೆ ಹಳೇ ಸ್ವಿಚ್ಚು, ತುಕ್ಕು ಹಿಡಿದ ಫ್ಯೂಸ್ ಕ್ಲಿಪ್ಪು. ದೀಪ ಉರೀತಿರುವಾಗ ಮೀಟರಿನ ಒಂದು ಕಡ್ಡಿ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಬಲ್ಬಿನ ಪ್ಲಸ್ ಪಿನ್ನಿಗೆ ಹಿಡೀರಿ. 0.5 ವೋಲ್ಟಿಗಿಂತ ಹೆಚ್ಚು ತೋರಿಸಿದ್ರೆ ದಾರಿಯಲ್ಲೇ ಸೋರ್ತಿದೆ. ಅರ್ಥ್ ಕಡೆ, ಅಂದ್ರೆ ಬಾಡಿ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗೋ ದಾರಿಯಲ್ಲಿ, 0.2 ದಾಟಬಾರದು. ವೋಲ್ಟೇಜ್ ನೂರಕ್ಕೆ 10 ಬಿದ್ರೆ ಬೆಳಕು ಹೆಚ್ಚುಕಮ್ಮಿ 30 ಬೀಳುತ್ತೆ.
ಡಿಮ್ಮಿಗೊಂದು, ಬ್ರೈಟಿಗೊಂದು ರಿಲೇ (ಸಣ್ಣ ಕರೆಂಟಿಂದ ದೊಡ್ಡ ಕರೆಂಟ್ ಹಾಕಿ ತೆಗೆಯೋ ಸ್ವಿಚ್ಚು) ಹಾಕಿ. ಬ್ಯಾಟರಿಯಿಂದ 4 ಚದರ ಮಿಮೀ ತಂತಿ, ಬ್ಯಾಟರಿ ಪಕ್ಕದಲ್ಲೇ 20 ಆಂಪಿಯರ್ ಫ್ಯೂಸು, ಅಲ್ಲಿಂದ ಎರಡೂ ರಿಲೇಯ 30 ನಂಬರ್ ಪಿನ್ನಿಗೆ. ಹಳೇ ಹೆಡ್‌ಲೈಟ್ ತಂತಿ 86ಕ್ಕೆ, 85 ಅರ್ಥಿಗೆ. 87ರಿಂದ ಎಡಕ್ಕೂ ಬಲಕ್ಕೂ ಬೇರೆಬೇರೆ 10 ಆಂಪಿಯರ್ ಫ್ಯೂಸು. ಒಂದು ಹೋದ್ರೆ ಇನ್ನೊಂದು ಕಣ್ಣಾದ್ರೂ ಇರುತ್ತೆ. ದೀಪದ ಅರ್ಥನ್ನ ಬಣ್ಣ ಕೆರೆದ ತಗಡಿಗೆ ಬಿಗೀರಿ, ಬಣ್ಣದ ಮೇಲಲ್ಲ.

ಹಾರ್ನ್ ಪ್ರಿಯ: ಇಷ್ಟೆಲ್ಲ ಯಾಕೆ, ಎಚ್4 ಜಾಗಕ್ಕೆ ಎಲ್‌ಇಡಿ ಹಾಕಿದ್ರಾಯ್ತಲ್ಲ?

ವೈರಿಂಗ್ ಮೇಷ್ಟ್ರು: ರಿಫ್ಲೆಕ್ಟರ್ ಮಾಡಿರೋದು ಫಿಲಮೆಂಟ್ ಕೂರುವ ಜಾಗಕ್ಕೆ. ಎಲ್‌ಇಡಿ ಚಿಪ್ಪಿನ ಆಕಾರ, ಜಾಗ ಎರಡೂ ಬೇರೆ. ಬೆಳಕು ರಸ್ತೆಗೆ ಕಮ್ಮಿ, ಎದುರಿನವರ ಕಣ್ಣಿಗೆ ಜಾಸ್ತಿ.

ಮೂಗಿನ ಬಸ್ಸು: ಲೇಲ್ಯಾಂಡ್, 24 ವೋಲ್ಟ್, ಆಲ್ಟರ್ನೇಟರ್. 12 ವೋಲ್ಟಿನ ಎಚ್4 ಇದ್ವು, ಎರಡು ಬ್ಯಾಟರಿ ನಡುವಿನ ಕೊಂಡಿಯಿಂದ ತಂತಿ ಎಳೆದು ಉರಿಸ್ತಿದೀವಿ. ಬೆಳಕು ಚೆನ್ನಾಗಿದೆ. ಒಂದು ಬ್ಯಾಟರಿಯಲ್ಲಿ ಮಾತ್ರ ನೀರು ಬೇಗ ಇಳಿಯುತ್ತೆ. ಸಂಬಂಧ ಇದೆಯಾ?

ವೈರಿಂಗ್ ಮೇಷ್ಟ್ರು: ಇದೆ, ಈ ಥ್ರೆಡ್ಡಲ್ಲಿ ನನಗೆ ಭಯ ಹುಟ್ಟಿಸಿರೋದೇ ಇದು. ಆಲ್ಟರ್ನೇಟರಿನ ಚಾರ್ಜ್ ಹಿಡಿತದಲ್ಲಿಡೋ ರೆಗ್ಯುಲೇಟರ್ ನೋಡೋದು ಎರಡರ ಒಟ್ಟು 28 ವೋಲ್ಟನ್ನ ಮಾತ್ರ, ಹಂಚಿಕೆಯನ್ನಲ್ಲ. ಅರ್ಥ್ ಕಡೆಯ ಬ್ಯಾಟರಿ ಒಂದೇ ದೀಪದ ಭಾರ ಹೊತ್ತು 12ರ ಆಸುಪಾಸಿಗೆ ಕುಗ್ಗುತ್ತೆ, ಉಳಿದ ವೋಲ್ಟೆಲ್ಲ ಮೇಲಿನ, ಅಂದ್ರೆ ಪ್ಲಸ್ ಕಡೆಯ ಬ್ಯಾಟರಿಯ ತಲೆ ಮೇಲೆ. ಅದು ಕುದಿಯುತ್ತೆ, ನೀರು ಒಡೆದು ಹೈಡ್ರೋಜನ್, ಆಕ್ಸಿಜನ್ನಾಗಿ ಹೋಗುತ್ತೆ. ಮುಚ್ಚಿದ ಪೆಟ್ಟಿಗೆಯಲ್ಲಿ ಒಂದು ಕಿಡಿ ಸಾಕು. ಕೆಳಗಿನದು ಅರೆಹೊಟ್ಟೆಯಲ್ಲೇ ಇದ್ದು ಸಲ್ಫೇಟ್ ಕಟ್ಟುತ್ತೆ.
ಎಂಜಿನ್ ಓಡಿಸಿ, ದೀಪ ಹಾಕಿ, ಎರಡನ್ನೂ ಬೇರೆಬೇರೆ ಅಳೆದು ಬರೀರಿ. ಪರಿಹಾರ 24 ವೋಲ್ಟಿನ 75/70 ಎಚ್4. ಅದೇ 12 ವೋಲ್ಟ್ ಬಲ್ಬೇ ಬೇಕು ಅಂದ್ರೆ ಪೂರ್ತಿ 24ರಿಂದ ತಗೊಂಡು 12 ಕೊಡೋ 20 ಆಂಪಿಯರ್ ಕನ್ವರ್ಟರ್. ಎರಡು ಬಲ್ಬ್ ಸೀರೀಸ್, ಅಂದ್ರೆ ಒಂದರ ಹಿಂದೆ ಒಂದು, ಕಟ್ಟೋ ಜಾಣತನ ಬೇಡ, ಒಂದು ಹೋದ್ರೆ ಪೂರ್ತಿ ಕತ್ತಲೆ.

ಎರಡನೇ ಗೇರು: 12 ವೋಲ್ಟ್. ಎಲ್‌ಇಡಿ ಹಾಕಬಹುದಾ?

ವೈರಿಂಗ್ ಮೇಷ್ಟ್ರು: ಮೇಲೆ ಓದಿ.

ಗ್ರೀಸ್ ಗನ್: ಗ್ರೂಪಲ್ಲಿ ಬಂದದ್ದು, ಫಾರ್ವರ್ಡ್ ಮಾಡ್ತಿದೀನಿ: "ರಿಫ್ಲೆಕ್ಟರ್ ಮಂಕಾದ್ರೆ ಟೂತ್‌ಪೇಸ್ಟ್ ಹಚ್ಚಿ ಉಜ್ಜಿ. ಫ್ಯೂಸ್ ಪದೇಪದೇ ಹೋದ್ರೆ ಸಿಗರೇಟ್ ಫಾಯಿಲ್ ಸುತ್ತಿ."

ವೈರಿಂಗ್ ಮೇಷ್ಟ್ರು: ರಿಫ್ಲೆಕ್ಟರ್ ಮೇಲಿರೋದು ಕೂದಲಿಗಿಂತ ಎಷ್ಟೋ ತೆಳುವಾದ ಅಲ್ಯೂಮಿನಿಯಂ ಲೇಪ. ಉಜ್ಜಿದ್ರೆ ಪೇಸ್ಟ್ ಜೊತೆ ಅದೂ ಬರುತ್ತೆ. ಫಾಯಿಲ್ ಸುತ್ತಿದ್ರೆ ಫ್ಯೂಸ್ ಹೋಗಲ್ಲ ನಿಜ, ಬಸ್ಸು ಹೋಗುತ್ತೆ. ಫಾರ್ವರ್ಡ್ ಮಾಡೋ ಮುಂಚೆ ಒಂದು ನಿಮಿಷ ಯೋಚನೆ ಮಾಡಿದ್ರೆ ಬೆರಳು ಸವೆಯಲ್ಲ.

ಹಾರ್ನ್ ಪ್ರಿಯ: ಮಂಜಿಗೆ ಹಳದಿ ಬಲ್ಬೇ ರಾಜ. ಬಿಳಿ ತೂರೋದೇ ಇಲ್ಲ.

ಡಬಲ್ ಕ್ಲಚ್: ಮಂಜಿನ ಹನಿ ದಪ್ಪ, ಬಣ್ಣ ನೋಡಿ ದಾರಿ ಬಿಡಲ್ಲ. ಹಳದಿ ಗಾಜು ಇರೋ ಬೆಳಕನ್ನೂ ಸೋಸಿ ಬಿಸಾಕುತ್ತೆ. ದೀಪ ಕೆಳಗಿರೋದು ಮುಖ್ಯ.

ಹಾರ್ನ್ ಪ್ರಿಯ: ಹಾಗಾದ್ರೆ ಹಳದಿ ಹಾಕಿದವರೆಲ್ಲ ದಡ್ಡರು, ನೀವೊಬ್ಬರೇ ಪಂಡಿತರು.

ಡಬಲ್ ಕ್ಲಚ್: ಎಲ್ಲರ ಬಗ್ಗೆ ನಾನು ಹೇಳಿಲ್ಲ.

ಎರಡನೇ ಗೇರು: ವೈಪರ್ ಮೋಟಾರ್ ನಿಧಾನ ಆಗಿದೆ, ಅದಕ್ಕೂ ರಿಲೇ ಹಾಕಬಹುದಾ?

ಗ್ರೀಸ್ ಗನ್: ರಸ್ತೆಯ ಎಡಕ್ಕೆ ಓಡೋ ಬಸ್ಸಿಗೆ ಬಲಕ್ಕೆ ಓಡೋ ದೇಶದ ಗಾಜು ಸಿಕ್ಕಿದೆ. ತಲೆಕೆಳಗು ಹಾಕಿದ್ರೆ ಸರಿಹೋಗುತ್ತಂತೆ?

ವೈರಿಂಗ್ ಮೇಷ್ಟ್ರು: ಆಗ ಡಿಮ್ ಬೆಳಕು ಮರದ ತುದಿಗೆ. ಎಡ ಸಂಚಾರದ ಗಾಜೇ ತಗೊಳ್ಳಿ. ಕೂರಿಸಿದ ಮೇಲೆ 10 ಮೀಟರ್ ದೂರದ ಗೋಡೆಗೆ ನಿಲ್ಲಿಸಿ. ಡಿಮ್ಮಿನ ಮೇಲಂಚು ದೀಪದ ನಡುಮಧ್ಯಕ್ಕಿಂತ 10 ಸೆಂಮೀ ಕೆಳಗಿರಲಿ. ಖಾಲಿ ಬಸ್ಸಲ್ಲಿ ಹೊಂದಿಸಿದ್ರೆ ಹಿಂದೆ ಜನ ತುಂಬಿದಾಗ ಮೂಗು ಎದ್ದು ಬೆಳಕೂ ಏಳುತ್ತೆ.
ಹಳದಿ ಜಗಳ ಬೇರೆ ಕಡೆ ಮಾಡ್ಕೊಳ್ಳಿ.

ಹೊಸ ಸದಸ್ಯ: ಸರ್, 100/90 ಬಲ್ಬ್? ಅಥವಾ ಎಲ್‌ಇಡಿ?

ವೈರಿಂಗ್ ಮೇಷ್ಟ್ರು: ಮೊದಲನೇದಕ್ಕೆ ಹೋಲ್ಡರ್ ಕರಗುತ್ತೆ. ಎರಡನೇದು ಇನ್ನೊಂದು ಸಲ ಕೇಳಿದವರಿಗೆ ಉತ್ತರ ಇಲ್ಲ.

ಹಾರ್ನ್ ಪ್ರಿಯ: ಕೇಳಿ ಅಂತ ನೀವೇ ಕರೆದು ಈಗ ಗದರಿಸೋದಾ?

ಮೂಗಿನ ಬಸ್ಸು: ಅಳೆದೆ. ಮೇಲಿನದು 15.6, ಕೆಳಗಿನದು 12.3. ಕೊಳೆತ ಮೊಟ್ಟೆ ವಾಸನೆ ಬರ್ತಿದೆ.

ವೈರಿಂಗ್ ಮೇಷ್ಟ್ರು: ಎಂಜಿನ್ ನಿಲ್ಲಿಸಿ. ದೀಪ ಆರಿಸಿ. ಪೆಟ್ಟಿಗೆ ತೆರೆದು ಗಾಳಿಯಾಡಲಿ, ವಾಸನೆ ಪೂರ್ತಿ ಹೋಗೋವರೆಗೂ ಸ್ಪ್ಯಾನರ್ ಮುಟ್ಟಬೇಡಿ. ಆಮೇಲೆ ಮೊದಲು ಅರ್ಥ್ ಕೇಬಲ್, ನಂತರ ನಡುವಿನ ತಂತಿ. ಎರಡನ್ನೂ ಹೊರಗೆ ತೆಗೆದು ತಣ್ಣಗಾದ ಮೇಲೆ 12 ವೋಲ್ಟ್ ಚಾರ್ಜರಲ್ಲಿ ಬೇರೆಬೇರೆ ಚಾರ್ಜ್ ಮಾಡಿ. ಆಸಿಡ್ ಸಾಂದ್ರತೆ ಅಳೆಯೋ ಹೈಡ್ರೋಮೀಟರ್ ಸೆಲ್ ಸೆಲ್ಲಿಗೆ 0.05 ವ್ಯತ್ಯಾಸ ತೋರಿಸಿದ್ರೆ ಜೋಡಿಯಾಗೇ ಬದಲಾಯಿಸಿ, ಒಂದನ್ನಲ್ಲ. ತಂತಿ ಕಳಚಿದ ತಕ್ಷಣ ಇಲ್ಲಿ ಬರೀರಿ.

ಎರಡನೇ ಗೇರು: ವೈಪರ್ ಬಗ್ಗೆ ಯಾರಾದ್ರೂ?