ದೂಳುಪಟ್ಟಿ ಫೋಟೊದಲ್ಲಿ ಮೂಡಬೇಕಾದರೆ ಯಾವ ಫಿಲ್ಟರ್ ಬೇಕು?

ಪ್ರಶ್ನೆ (ವಿಜಯಪುರ):
ನಮಸ್ಕಾರ. ನನ್ನ ಬಳಿ 750 ಮಿ.ಮೀ. ಫೋಕಲ್ ಲೆಂತ್‌ನ 150 ಮಿ.ಮೀ. ನ್ಯೂಟೋನಿಯನ್ ದೂರದರ್ಶಕ, ಆಕಾಶದ ಚಲನೆಯನ್ನು ಹಿಂಬಾಲಿಸುವ ಟ್ರ್ಯಾಕಿಂಗ್ ಮೌಂಟ್ ಮತ್ತು ಡಿಎಸ್‌ಎಲ್‌ಆರ್ ಕ್ಯಾಮೆರಾ ಇವೆ. ಮನೆಯ ಮಾಳಿಗೆಯಿಂದ ತೆಗೆದ ಚಿತ್ರಗಳಲ್ಲಿ ಎನ್‌ಜಿಸಿ 4565 ಗ್ಯಾಲಕ್ಸಿ ಬಿಳಿಯ ಗೆರೆಯಾಗಿ ಮೂಡುತ್ತದೆಯೇ ಹೊರತು, ಅದರ ಉದ್ದಕ್ಕೂ ಹಾಯುವ ಕಪ್ಪು ದೂಳುಪಟ್ಟಿ ಕಾಣುವುದಿಲ್ಲ. ಬೀದಿದೀಪಗಳ ಬೆಳಕನ್ನು ತಡೆಯಲು ಕೆಲವೇ ತರಂಗಾಂತರಗಳನ್ನು ಒಳಬಿಡುವ ನ್ಯಾರೋಬ್ಯಾಂಡ್ ಫಿಲ್ಟರ್ ಕೊಂಡರೆ ಪ್ರಯೋಜನವಾದೀತೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಬಾಗಲಕೋಟೆ):
ಆ ಫಿಲ್ಟರ್ ಕೊಳ್ಳಬೇಡಿ. ನೆಬ್ಯುಲಾದ (ಬಾಹ್ಯಾಕಾಶದ ಮೋಡದ) ಅನಿಲವು ಹೈಡ್ರೋಜನ್, ಆಮ್ಲಜನಕಗಳ ಕೆಲವೇ ತರಂಗಾಂತರಗಳಲ್ಲಿ ಬೆಳಗುವುದರಿಂದ ಅಲ್ಲಿ ಅದು ಉಪಯುಕ್ತ. ಗ್ಯಾಲಕ್ಸಿಯದಾದರೋ ಅಸಂಖ್ಯ ನಕ್ಷತ್ರಗಳ ಬೆಳಕು, ಎಲ್ಲ ಬಣ್ಣಗಳಲ್ಲೂ ಹರಡಿರುವಂಥದ್ದು, ಆದ್ದರಿಂದ ಫಿಲ್ಟರ್ ಬೀದಿದೀಪದೊಂದಿಗೆ ಗ್ಯಾಲಕ್ಸಿಯನ್ನೂ ನುಂಗಿಬಿಡುತ್ತದೆ. ದೂಳುಪಟ್ಟಿ ನಮಗೆ ಕಾಣುವುದು ನೆರಳಾಗಿ: ಸಿಲಿಕೇಟ್ ಮತ್ತು ಇಂಗಾಲದ ಸೂಕ್ಷ್ಮ ಕಣಗಳು ಹಿಂದಿನ ನಕ್ಷತ್ರಗಳ ಬೆಳಕನ್ನು, ಅದರಲ್ಲೂ ನೀಲಿಯನ್ನು ಹೆಚ್ಚಾಗಿ, ಹೀರಿ ಚದುರಿಸುತ್ತವೆ. ಊರಿನ ಬೆಳಕನ್ನು ಸಂಸ್ಕರಣೆಯ ವೇಳೆ ಚಿತ್ರದಿಂದ ಕಳೆಯಬಹುದು, ಆದರೆ ಅದು ತಂದ ನಾಯ್ಸ್ (ಚಿತ್ರದ ಕಾಳುಕಾಳಾದ ಏರಿಳಿತ) ಉಳಿದೇ ಉಳಿಯುತ್ತದೆ, ಮತ್ತು ಮಸುಕಾದ ನೆರಳು ಹೂತುಹೋಗುವುದು ಅದರಲ್ಲಿಯೇ. ಫಿಲ್ಟರಿನ ಹಣವನ್ನು ಕತ್ತಲಿರುವ ಹೊಲದವರೆಗಿನ ಪ್ರಯಾಣಕ್ಕೆ ಇಡಿ. ಒಂದೆರಡು ನಿಮಿಷಗಳ ಎಕ್ಸ್‌ಪೋಷರ್‌ಗಳನ್ನು ಒಟ್ಟು ನಾಲ್ಕು ಗಂಟೆಯಾದರೂ ಸೇರಿಸಿ ಸ್ಟ್ಯಾಕ್ ಮಾಡಿ, ಅಂದರೆ ಒಂದರ ಮೇಲೊಂದಿಟ್ಟು ಒಂದೇ ಚಿತ್ರವಾಗಿಸಿ. ಮಾರ್ಚ್ ಕೊನೆ, ಏಪ್ರಿಲ್ ಮೊದಲ ವಾರದ ನಡುರಾತ್ರಿಯ ಹೊತ್ತಿಗೆ ಈ ಗ್ಯಾಲಕ್ಸಿ ನಮ್ಮ ಜಿಲ್ಲೆಗಳಲ್ಲಿ ನೆತ್ತಿಯಿಂದ ಹತ್ತು ಡಿಗ್ರಿಯಷ್ಟೇ ದೂರದಲ್ಲಿರುತ್ತದೆ. ಇದಕ್ಕಿಂತ ಒಳ್ಳೆಯ ಸ್ಥಾನ ಬೇಕಿಲ್ಲ.

ಉತ್ತರ (ಬೆಳಗಾವಿ):
ಮೇಲಿನ ಮಾತು ಸರಿ. ಚಿತ್ರದಲ್ಲಿ ಸಣ್ಣ ವಿವರ ಮೂಡುವ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಿಮ್ಮ ಕ್ಯಾಮೆರಾದ ಪಿಕ್ಸೆಲ್ 4 ಮೈಕ್ರಾನ್ ಎಂದಿಟ್ಟುಕೊಂಡರೆ, ಒಂದು ಪಿಕ್ಸೆಲ್ ಆಕಾಶದ ಸುಮಾರು 1.1 ಆರ್ಕ್ ಸೆಕೆಂಡನ್ನು (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್ ಸೆಕೆಂಡ್) ಹಿಡಿಯುತ್ತದೆ. ಈ ಪಟ್ಟಿಗೆ ಅದು ಧಾರಾಳವಾಗಿ ಸಾಕು. ಹಾಗಿದ್ದೂ ಪಟ್ಟಿ ಕಾಣದಿದ್ದರೆ ಕನ್ನಡಿಗಳ ಕಾಲಿಮೇಶನ್ (ಹೊಂದಾಣಿಕೆ), ಫೋಕಸ್, ನಕ್ಷತ್ರದ ಮೇಲೆ ಗುರಿ ಕದಲದಂತೆ ಹಿಡಿಯುವ ಗೈಡಿಂಗ್‌ಗಳನ್ನು ಪರೀಕ್ಷಿಸಿ, ಏಕೆಂದರೆ ನಕ್ಷತ್ರಗಳು ಉಬ್ಬಿದಷ್ಟೂ ಪಟ್ಟಿಯ ಎರಡು ದಡಗಳ ಬೆಳಕು ಒಳಗೆ ಹರಿದು ಅದನ್ನು ಮುಚ್ಚುತ್ತದೆ. ಮಸುಕಾದ ಭಾಗಗಳನ್ನು ಬೆಳಗಿಸಲು ಸ್ಟ್ರೆಚ್ ಮಾಡುವಾಗಲೂ ನಡುಭಾಗ ಪೂರ್ತಿ ಬಿಳಿಯಾಗದಂತೆ ಕೈ ಬಿಗಿಹಿಡಿಯಿರಿ. ಕಬ್ಬಿನ ರವದಿ ಸುಡುವ ದಿನಗಳಲ್ಲಿ ಹೊಗೆ ಕೆಳಗೇ ನಿಲ್ಲುವುದರಿಂದ ಅಂಥ ಹೊಲಗಳ ಹತ್ತಿರ ಹೋಗದಿರುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು (ವಿಜಯಪುರ):
ಇಬ್ಬರಿಗೂ ಧನ್ಯವಾದಗಳು. ಹೊಲಕ್ಕೆ ಹೋಗುವ ಮೊದಲು ಮಾಳಿಗೆಯಿಂದಲೇ ಅಭ್ಯಾಸ ಮಾಡಲು ಇದಕ್ಕಿಂತ ಸುಲಭವಾದ ಗ್ಯಾಲಕ್ಸಿ ಇದೆಯೇ?

ಉತ್ತರ (ಬಾಗಲಕೋಟೆ):
ಕನ್ಯಾರಾಶಿಯ ಎಂ104, ಅಂದರೆ ಸಾಂಬ್ರೆರೊ. ಅದರ ಕಾಂತಿಮಾನ (ಹೊಳಪಿನ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಹೊಳಪು ಹೆಚ್ಚು) ಸುಮಾರು 8 ಇದ್ದು, ನಡುವಿನ ದೊಡ್ಡ ಉಬ್ಬಿನ ಬೆಳಕಿಗೆ ಎದುರಾಗಿ ಪಟ್ಟಿ ಸ್ಪಷ್ಟವಾಗಿ ನಿಲ್ಲುತ್ತದೆ. ಯುರೋಪಿನವರಿಗೆ ಆಕಾಶದಲ್ಲಿ ತಗ್ಗಿನಲ್ಲೇ ಸಾಗುವ ಇದು ವಿಜಯಪುರದಲ್ಲಿ 60 ಡಿಗ್ರಿಗೂ ಮೇಲೇರುತ್ತದೆ. ಇಂಥದೇ ದೂಳುಪಟ್ಟಿಯಿರುವ, ದೇವಯಾನಿ ನಕ್ಷತ್ರಪುಂಜದ ಎನ್‌ಜಿಸಿ 891 ಮಾತ್ರ ಮಾಳಿಗೆಯ ಕೆಲಸವಲ್ಲ. ಮಳೆಗಾಲ ಮುಗಿದು ಆಕಾಶ ತೊಳೆದಂತಾದ ಮೇಲೆ, ನವೆಂಬರ್‌ನಲ್ಲಿ, ಕತ್ತಲಲ್ಲಿ ಹಿಡಿಯಿರಿ.