ಜಿಯಾಲಜಿ ಮುಗಿಸಿ ಮೂವತ್ತು ವರ್ಷ ಆತು, ಒಬ್ಬ ದೋಸ್ತ ಮಾತ್ರ ಬರಾಂಗಿಲ್ಲ ಅನ್ನಾಕತ್ಯಾನ

ಸಪ್ತಾಪುರದಾಂವ:
ನಮಸ್ಕಾರ್ರಿ ಎಲ್ಲಾರಿಗೂ. ನಾವು ಧಾರವಾಡದ ಕರ್ನಾಟಕ ಯುನಿವರ್ಸಿಟಿಯೊಳಗ ಎಂ.ಎಸ್ಸಿ ಜಿಯಾಲಜಿ, ಅಂದ್ರ ಭೂವಿಜ್ಞಾನ, ಮುಗಿಸಿದ್ದು 1994ರಾಗ. ಆಗ ಗದಗ, ಹಾವೇರಿ ಎಲ್ಲಾ ಧಾರವಾಡ ಜಿಲ್ಲಾದಾಗನ ಇದ್ವು, 1997ರಾಗ ಬ್ಯಾರೆ ಆದ್ವು, ಹಂಗಾಗಿ ನಾವೆಲ್ಲಾ ಒಂದ ಜಿಲ್ಲಾದ ಹುಡುಗ್ರು. ಈಗ ಎಲ್ಲಾರೂ ಕೂಡಿ ಒಂದು ಸಣ್ಣ ಪುಸ್ತಕ ಮಾಡೋಣು, ಒಬ್ಬೊಬ್ರು ಒಂದೊಂದು ಪುಟ ಬರೀಲಿ, ಆಮ್ಯಾಲೆ ಒಂದು ದಿನ ಸೇರೋಣು ಅಂತ ಠರಾಯ್ಸೀವಿ. ನಾನು ಬ್ಯಾಂಕ್ ಪರೀಕ್ಷೆ ಬರದು ಆ ಕಡೆ ಹೋದೆ, ಇಬ್ರು ಜಿಯಾಲಾಜಿಕಲ್ ಸರ್ವೇದಾಗ ಅದಾರ, ಒಬ್ಬ ಹಟ್ಟಿ ಚಿನ್ನದ ಗಣಿಯೊಳಗ, ಒಬ್ಬಾಕಿ ಪರದೇಶದಾಗ ಕಲಸ್ತಾಳ.

ಆದ್ರ ನಮ್ಮ ಬ್ಯಾಚಿನಾಗ ಎಲ್ಲಾರಕಿಂತ ಶ್ಯಾಣ್ಯಾ ಇದ್ದಾಂವ ಬರಿಯಾಕ ಒಲ್ಲೆ ಅಂತಾನ. ಗದಗ ಕಡೆಯ ಕಪ್ಪತಗುಡ್ಡಕ್ಕ ಫೀಲ್ಡ್‌ಗೆ ಹೋದಾಗ ನಾವು ಕಲ್ಲಿನ ಪದರಿನ ದಿಕ್ಕು, ಇಳಿಜಾರು ಅಳಿಯೂ ಬ್ರಂಟನ್ ಕಂಪಾಸ್ ಹಿಡ್ಕೊಂಡು ಒದ್ದಾಡೂತನಾ ಆಂವ ದೂರಿಂದ ನೋಡಿ ಪದರು ಎತ್ತಾಗ ಮಡಚೇತಿ ಅಂತ ಹೇಳಿಬಿಡತಿದ್ದ. ಆಂವ ಈಗ ರೋಣ ತಾಲೂಕಿನ ತನ್ನ ಊರಾಗ ಬೀಜ ಗೊಬ್ಬರದ ಅಂಗಡಿ ಇಟ್ಟಾನ. ಫೋನ್ ಮಾಡಿದ್ರ "ನಂದೇನ್ ಐತಿ ಬರಿಯಾಕ, ನೀವೆಲ್ಲಾ ಸೇರ್ರಿ" ಅಂದ. ನನಗ ಭಾಳ ಸಂಕಟ ಆತು. ಇಂಥಾ ಪುಸ್ತಕ ಮಾಡಿದವರು ಯಾರಾರ ಇದ್ರ ಹೇಳ್ರಿ, ಏನಂತ ಕೇಳಬೇಕು ಇಂಥವರನ್ನ?

ಬ್ಯಾಡಗಿಯಿಂದ:
ಅಣ್ಣಾರ, ನಾ ನಿಮ್ಮಕಿಂತ ಎರಡು ವರ್ಷ ಜೂನಿಯರ್. ನಿಮ್ಮ ದೋಸ್ತ ಯಾಕ ಒಲ್ಲೆ ಅಂತಾರ ಅನ್ನೂದು ನನಗ ಗೊತ್ತೈತ್ರಿ. ನಾನು ಸಂಡೂರ ಕಡೆ ಒಂದು ಖಾಸಗಿ ಗಣಿಯೊಳಗ ಹದಿನಾಲ್ಕು ವರ್ಷ ದುಡಿದೆ, ಪಗಾರ ಚೊಲೊ ಇತ್ತು, ಹುಬ್ಬಳ್ಳಿಯಾಗ ಸೈಟ್ ತಗೊಂಡೆ. 2011ರಾಗ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲಾದಾಗ ಗಣಿಗಾರಿಕೆ ನಿಲ್ಲಿಸ್ತು, ನಮ್ಮ ಗಣಿಯ ಲಾರಿ ಎಲ್ಲಾ ನಿಂತಲ್ಲೇ ನಿಂತ್ವು. ಆ ತೀರ್ಪು ಬೇಕಾಗಿತ್ತು, ಅಲ್ಲಿ ಗುಡ್ಡಾನ ಕರಗಿ ಹೋಗಿದ್ವು, ಅದನ್ನ ಕಣ್ಣಾರೆ ನೋಡಿದಾಂವ ನಾನು. ಆದ್ರ ಮನ್ಯಾಗ ಎರಡು ವರ್ಷ ಸುಮ್ನ ಕುಂತೆ. ಈಗ ಇಲ್ಲಿ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜಿನ್ಯಾಗ ಮ್ಯಾನೇಜರ್ ಅದೀನಿ.

ನಮ್ಮ ಬ್ಯಾಚಿನವರು ಕಳಿಸಿದ ಫಾರ್ಮಿನ್ಯಾಗ ಹೆಸರಿನ ಕೆಳಗ ಮೊದಲನೇ ಖಾನೆನ "ಈಗಿನ ಹುದ್ದೆ", ಎರಡನೇದು "ಮಕ್ಕಳು ಎಲ್ಲಿ ಸೆಟಲ್ ಆಗ್ಯಾರ". ಅದನ್ನ ನೋಡಿ ನಾ ಫೋನ್ ಬಾಜೂಕ ಇಟ್ಟೆ, ಮತ್ತ ತೆಗಿಲಿಲ್ಲ. ನಿಮ್ಮ ಪುಸ್ತಕದಾಗೂ ಅಂಥಾ ಖಾನೆ ಇದ್ರ ತಗದು ಬಿಡ್ರಿ ಅಷ್ಟ.

ಮುಂಡರಗಿ ಅಕ್ಕ:
ನಾ ಇನ್ನೂ ಹಿಂದಿನ ಬ್ಯಾಚ್, ಹೆಣ್ಮಕ್ಕಳು ಇಬ್ಬರ ಇದ್ವಿ. 1952ರ ಗಣಿ ಕಾಯ್ದೆ ಪ್ರಕಾರ ನೆಲದಡಿಯ ಗಣಿಯೊಳಗ ಹೆಂಗಸರಿಗೆ ಕೆಲಸ ಇರಲಿಲ್ಲ, ಅದು ಸಡಿಲಾಗಿದ್ದು 2019ರಾಗ, ಅಷ್ಟೊತ್ತಿಗೆ ನನ್ನ ತಲಿ ಬೆಳ್ಳಗಾಗಿತ್ತು. ಅದಕ್ಕ ನಾ ನೀರಿನ ಕಡೆ ಬಂದೆ. ನೆಲಕ್ಕ ನಾಕು ಗೂಟ ಬಡದು, ಕರೆಂಟ್ ಬಿಟ್ಟು, ಕೆಳಗ ಕಲ್ಲು ಎಷ್ಟು ಒಡದೈತಿ, ನೀರು ಇರಬಹುದಾ ಅಂತ ಅಂದಾಜು ಮಾಡೂದು ನನ್ನ ಕೆಲಸ. ಬಾಜೂ ಹೊಲದಾಗ ಅಂಗೈ ಮ್ಯಾಲೆ ತೆಂಗಿನಕಾಯಿ ಇಟ್ಕೊಂಡು ಒಬ್ರು ಬೋರ್ ಹಾಕೂ ಪಾಯಿಂಟ್ ತೋರಸ್ತಿದ್ರು, ರೈತ ಇಬ್ಬರ ನಡುವ ನಿಂತು ಯಾರ ಮಾತು ಕೇಳ್ಲಿ ಅಂತ ನನ್ನ ಮುಖಾ ನೋಡಾಂವ. ನನ್ನ ಪಾಯಿಂಟೂ ಫೇಲ್ ಆಗ್ಯಾವ. ಸಾಲ ಮಾಡಿ ಬೋರ್ ಹಾಕ್ಸಿದಾಂವ ಬರೇ ಧೂಳು ಬಂದಾಗ ಏನೂ ಮಾತಾಡದ ಕುಂತಿದ್ದು ಇನ್ನೂ ಕಣ್ಣಾಗ ಐತಿ.

ನಮ್ಮ ತಾಲೂಕಿನಾಗ ಇನ್ನೊಂದು ಕಷ್ಟ ಫ್ಲೋರೈಡ್. ಒಂದು ಲೀಟರ್ ಕುಡಿಯೂ ನೀರಿನಾಗ ಅದು 1.5 ಮಿಲಿಗ್ರಾಂ ದಾಟಬಾರದು. ಕಲ್ಲಿನೊಳಗಿನ ಖನಿಜದಿಂದ ಅದು ನೀರಿಗೆ ಇಳಿತೈತಿ, ಬೋರ್ ಆಳಕ್ಕ ಹೋದಂಗ ನೀರು ಕಲ್ಲಿನ ಕೂಡ ಹೆಚ್ಚು ದಿನ ಇರತೈತಿ, ಹಂಗಾಗಿ ಹೆಚ್ಚಾಗೂ ಸಾಧ್ಯತಾ ಇರತೈತಿ. ಸಾಲಿ ಹುಡುಗ್ರ ಹಲ್ಲು ಕಂದು ಆಗಿದ್ದು ನೋಡಿ "ಈ ಬೋರ್ ಕುಡಿಯಾಕ ಬ್ಯಾಡ, ಬಟ್ಟಿ ಒಗಿಯಾಕ ಇಟ್ಕೊಳ್ರಿ" ಅಂತ ಊರೂರಿಗೆ ಹೇಳೂದ ನನ್ನ ಅರ್ಧ ಆಯುಷ್ಯ ಆತು. ಇದಕ್ಕ ಯಾವ ಹುದ್ದೆ ಅಂತ ಬರೀಲಿ?

ತಮ್ಮಾ, ನಿಮ್ಮ ದೋಸ್ತಗ ಫೋನ್ ಮಾಡಬ್ಯಾಡ. ಅಂಗಡಿಗೇ ಹೋಗು. ಮತ್ತ "ಏನಾದಿ" ಅಂತ ಕೇಳಬ್ಯಾಡ, ಕಲಿತಿದ್ದು ಎಲ್ಲೆಲ್ಲಿ ಉಪಯೋಗಕ್ಕ ಬಂತು ಅಂತ ಕೇಳು.

ಸಪ್ತಾಪುರದಾಂವ:
ಅಕ್ಕಾರ ಮಾತು ಕೇಳಿ ಹೋದ ಐತ್ವಾರ ರೋಣದ ಬಸ್ ಹತ್ತಿ ಹೋಗಿ ಬಂದೆ. ಹೇಳಿರಲಿಲ್ಲ, ಹಂಗ ಹೋಗಿ ಅಂಗಡಿ ಮುಂದ ನಿಂತೆ, ಎದ್ದು ಬಂದು ತಬ್ಕೊಂಡ, ಇಬ್ರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಗಲ್ಲಾದ ಮ್ಯಾಲೆ ರಸೀದಿ ಹಾರಬಾರದು ಅಂತ ಒಂದು ಕಲ್ಲು ಇಟ್ಟಿದ್ದ. ಕೆಂಪು ಕಪ್ಪು ಪಟ್ಟಿ ಪಟ್ಟಿ ಕಬ್ಬಿಣದ ಕಲ್ಲು, ನೋಡಿದ ಕೂಡ್ಲೆ ಗುರ್ತ ಹಿಡದೆ, ಕಪ್ಪತಗುಡ್ಡದ್ದು, ನಮ್ಮ ಫೀಲ್ಡಿನದ. ಸ್ಯಾಂಪಲ್ ನಂಬರ್ ಬರದ ಬಿಳೇ ಪೇಂಟ್ ಇನ್ನೂ ಅಳಿಸಿಲ್ಲ. ನಾ ಕುಂತಾಗ ಒಬ್ಬ ರೈತ ಬಂದು ಬೋರಿನ ನೀರು ಸವಳ ಆಗೇತಿ, ಬೆಳಿ ಕಮರಾಕತ್ತೇತಿ, ಯಾವ ಗೊಬ್ಬರ ಹಾಕಲಿ ಅಂದ. ಇಂವ ಗೊಬ್ಬರ ಮಾರಲಿಲ್ಲ. ರಟ್ಟಿನ ಮ್ಯಾಲೆ ಚಿತ್ರ ತಗದು ಎರಿ ಮಣ್ಣು ಎಷ್ಟು, ಅದರ ಕೆಳಗ ಏನೈತಿ, ನೀರು ಯಾಕ ಹಿಂಗಾಗತೈತಿ ಅಂತ ಹೇಳಿ, ಮೊದಲು ನೀರು ಮಣ್ಣು ಎರಡೂ ಪರೀಕ್ಷೆ ಮಾಡಿಸಿ ಬಾ, ಹೊಲದಾಗ ಕೃಷಿಹೊಂಡ ತಗಸು ಅಂತ ಕಳಿಸಿದ. ಇದ ಬರಿ ಅಂದೆ. ಸುಮ್ನ ನಕ್ಕ. ರಾತ್ರಿ ವಾಟ್ಸಾಪಿನ್ಯಾಗ ಮೂರು ಪುಟ ಕಳಿಸ್ಯಾನ, ಪೆನ್ನಿಲೆ ಬರದು ಫೋಟೋ ತಗದು.

ಒಂದ ಮಾತು ಹೇಳ್ಯಾನ, ಹುಬ್ಬಳ್ಳಿ ಹೋಟೆಲಿನ್ಯಾಗ ಸೇರೂದಾದ್ರ ಬರಾಂಗಿಲ್ಲಂತ, ಕಪ್ಪತಗುಡ್ಡಕ್ಕಾದ್ರ ಬರತಾನಂತ. ಹಂಗ ಮಾಡೋಣು. 2019ರಿಂದ ಅದು ವನ್ಯಜೀವಿಧಾಮ, ಅರಣ್ಯ ಇಲಾಖೆ ಪರವಾನಗಿ ನಾ ಕೇಳತೀನಿ, ಕಲ್ಲು ಒಡಿಯೂ ಸುತ್ತಿಗಿ ಯಾರೂ ತರಬ್ಯಾಡ್ರಿ, ಕಲ್ಲು ನೋಡೂ ಲೆನ್ಸ್ ಇದ್ರ ತರ್ರಿ. ಬುತ್ತಿ ಮನಿಯಿಂದ. ಬ್ಯಾಡಗಿ ತಮ್ಮಾ, ಅಕ್ಕಾರ, ಬ್ಯಾಚ್ ಬ್ಯಾರೆ ಅಂತ ಹಿಂದ ಸರಿಬ್ಯಾಡ್ರಿ, ನೀವೂ ಬರಬೇಕು.